ಬೇಳೆ ಬೇಯದ ನೀರು

ದಿಲ್ಲಿಯಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮಂಥ ಗುಮಾಸ್ತರು ಮನೆಯೊಡೆಯರನ್ನು ಕೇಳುವ ಪ್ರಶ್ನೆಗಳು ನಾಲ್ಕೇ ನಾಲ್ಕು. ಬಾಡಿಗೆ ಎಷ್ಟು? ಮುಂಗಡ ಎಷ್ಟು? ಬಸ್ಸು ಎಲ್ಲಿ ಸಿಗುತ್ತದೆ? ನೀರು ಬರುತ್ತದೆಯೆ? ನಾಲ್ಕನೆಯದಕ್ಕೆ ‘ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ’ ಎಂಬ ಉತ್ತರ ಬಂತೋ, ಹಿಗ್ಗಿ ಹೀರೇಕಾಯಿಯಾಗಿ ಮುಂಗಡ ಎಣಿಸಿಕೊಟ್ಟುಬಿಡುತ್ತೇವೆ. ‘ಎಂಥ ನೀರು ಬರುತ್ತದೆ?’ ಎಂಬ ಐದನೆಯ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ. ಅದು ಹೊಳೆಯದೆ ಹೋದದ್ದರಿಂದ ನಾವು ಪಟ್ಟ ಪಾಡನ್ನೂ, ಆಮೇಲೆ ಕಲಿತ ನಾಲ್ಕು ಮಾತನ್ನೂ ಇಲ್ಲಿ ಬರೆದಿದ್ದೇವೆ. ಪರಸ್ಥಳದಲ್ಲಿ ಸಂಸಾರ ಹೂಡಿರುವ ಕನ್ನಡ ಬಂಧುಗಳಲ್ಲಿ ಒಬ್ಬರಿಗೆ ಉಪಯೋಗವಾದರೂ ನಮ್ಮ ಶ್ರಮ ಸಾರ್ಥಕ.

ನಾವಿರುವುದು ವಸಂತ್ ಕುಂಜ್‌ಗೆ ಅಂಟಿಕೊಂಡಂತಿರುವ ಕಿಶನ್‌ಗಢ ಹಳ್ಳಿಯಲ್ಲಿ. ವಸಂತ್ ಕುಂಜ್ ಎಂಬುದು ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವು 1980ರ ದಶಕದಲ್ಲಿ ಅರಾವಳಿಯ ಕಲ್ಲುಗುಡ್ಡದ ಬೆನ್ನಿನ ಮೇಲೆ ಕಟ್ಟತೊಡಗಿದ ದೊಡ್ಡ ಬಡಾವಣೆ. ಅದರ ಸುತ್ತ ಕಿಶನ್‌ಗಢ, ಮಸೂದ್‌ಪುರ, ಮಹಿಪಾಲಪುರ, ರಂಗಪುರಿ ಮುಂತಾದ ಹಳೆಯ ಹಳ್ಳಿಗಳು ಇನ್ನೂ ಉಳಿದುಕೊಂಡಿವೆ. ಬಡಾವಣೆಯ ಬಾಡಿಗೆ ನಮ್ಮ ಸಂಬಳಕ್ಕೆ ನಿಲುಕದು. ಸರಕಾರಿ ವಸತಿಯ ಪಾಳಿ ಇನ್ನೂ ಬಂದಿಲ್ಲ. ಹೀಗಾಗಿ ಹಳ್ಳಿಯ ಕಿರುಗಲ್ಲಿಯೊಂದರ ನಾಲ್ಕಂತಸ್ತಿನ ಮನೆಯ ಎರಡನೆಯ ಮಹಡಿಯೇ ನಮಗೆ ಗತಿ. ಕಾಗದಗಳೂ ಬಂಧುಗಳೂ ‘ವಸಂತ್ ಕುಂಜ್’ ಎಂಬ ವಿಳಾಸಕ್ಕೇ ಬರುವುದರಿಂದ ಊರಿನಲ್ಲಿ ನಮ್ಮ ಮರ್ಯಾದೆಗೆ ಕುಂದಿಲ್ಲ.

ಮನೆಯೊಡೆಯರು ಹಳ್ಳಿಯ ಹಿರಿಯ ರೈತ ಮನೆತನದವರು. ಎಲ್ಲರೂ ಅವರನ್ನು ಚೌಧರಿಜಿ ಎನ್ನುತ್ತಾರೆ; ನಾವೂ ಹಾಗೆಯೇ ಕರೆಯೋಣ. ಮನೆಯ ಹಿಂದೆ ಅವರದೊಂದು ಕೊಳವೆಬಾವಿ. ನಗರದ ನಲ್ಲಿಯ ನೀರು ಬೆಳಿಗ್ಗೆ ಒಂದು ಗಂಟೆ ಬರುತ್ತದೆ. ಎರಡೂ ನೀರು ನೆಲದಡಿಯ ಒಂದೇ ತೊಟ್ಟಿಗೆ ಬಿದ್ದು, ಅಲ್ಲಿಂದ ಮೇಲೇರಿ ಎಲ್ಲ ಮಹಡಿಗಳಿಗೂ ಇಳಿಯುತ್ತಿದ್ದವು. ನಾವು ಮನೆ ಹೊಕ್ಕದ್ದು ಕಳೆದ ವರ್ಷದ ಬೇಸಿಗೆಯಲ್ಲಿ. ಆಗ ನಮ್ಮ ಮಗುವಿಗೆ ಎರಡು ತಿಂಗಳು.

ಮೊದಲ ದೂರು ಬಂದದ್ದು ನಮ್ಮ ತಾಯಿಯವರಿಂದ. ಬಾಣಂತನದ ಆರೈಕೆಗೆಂದು ಊರಿನಿಂದ ಬಂದಿದ್ದ ಅವರು ಮೂರನೆಯ ದಿನ ಅಡಿಗೆಮನೆಯಿಂದಲೇ ಕೂಗಿದರು: “ಏನೋ ಮಗಾ ಇದು? ತೊಗರಿಬೇಳೆ ಕುಕ್ಕರಿನಲ್ಲಿ ಆರು ಸಲ ಕೂಗಿದರೂ ಕಾಳುಕಾಳಾಗಿಯೇ ನಿಂತಿದೆ! ಬೇಳೆ ಕೆಟ್ಟದ್ದಲ್ಲ ಕಣೋ, ನೀರು ಕೆಟ್ಟದ್ದು.”

ನಾವು ನಕ್ಕೆವು. ದಿಲ್ಲಿಯ ಬೇಳೆಯೇ ಹಾಗಮ್ಮ ಎಂದೆವು. ಆಮೇಲೆ ಒಂದೊಂದಾಗಿ ಲಕ್ಷಣಗಳು ತೋರಿದವು. ಸೋಪು ಎಷ್ಟು ಉಜ್ಜಿದರೂ ನೊರೆ ಬಾರದೆ ಬಕೀಟಿನ ಅಂಚಿಗೆ ಬೂದು ಜಿಡ್ಡಾಗಿ ಅಂಟುತ್ತಿತ್ತು. ಹಾಲು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿಯ ಪದರ. ನಲ್ಲಿಯ ಬಾಯಿಗೆ ಉಪ್ಪಿನ ಹರಳಿನಂಥ ಕಟ್ಟು. ಊರಿನಿಂದ ತಂದ ಪುಡಿಯಲ್ಲಿ ಇಳಿಸಿದ ಕಾಫಿಯ ಡಿಕಾಕ್ಷನ್ನಿಗೆ ಏನೋ ಒಂದು ಒಗರು. ಕೆಳಗಿನ ಮನೆಯಾಕೆಯನ್ನು ಕೇಳಿದರೆ, “ಯೇ ಪಾನೀ ಖಾರಾ ಹೈ, ಮಾತಾಜಿ” ಎಂದಳು. ನಮ್ಮ ತಾಯಿಯವರಿಗೆ ದಿಗಿಲು: “ಖಾರವೇ? ನೀರಿಗೆ ಯಾರೇ ಮೆಣಸಿನಕಾಯಿ ಹಾಕಿದ್ದು?” ಇಲ್ಲಿಯವರಿಗೆ ‘ಖಾರಾ’ ಎಂದರೆ ಉಪ್ಪು, ಸವಳು ಎಂದು ತಿಳಿಸಿಹೇಳಿದ ಮೇಲೆ ಸಮಾಧಾನವಾಯಿತು. “ಹಾಗೆನ್ನಿ. ನಮ್ಮೂರಿನಲ್ಲೂ ಉಪ್ಪುನೀರಿನ ಬಾವಿ ಇರಲಿಲ್ಲವೆ? ಅದರಲ್ಲಿ ಬಟ್ಟೆ ಒಗೆಯುತ್ತಿದ್ದರೇ ಹೊರತು ಯಾರೂ ಬೇಳೆಗೆ ಇಡುತ್ತಿರಲಿಲ್ಲ.”

ಖಾರಾ ನೀರಿನ ದೂರು ದಿಲ್ಲಿಗೆ ಹೊಸದಲ್ಲ. 1857ರ ಕಲಹದ ನಂತರ ಹಾಳುಬಿದ್ದ ದಿಲ್ಲಿಯಿಂದ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಮಹಾಕವಿ ಗಾಲಿಬನು ಊರಿನ ಬಾವಿಗಳು ಸವಳಾದುದನ್ನು ಹೇಳಿ ಕೊರಗಿದ್ದಾನೆ. ಅದಕ್ಕೂ ಹಿಂದೆ, 13ನೆಯ ಶತಮಾನದಲ್ಲಿ, ನಮ್ಮ ಮನೆಗೆ ಕೂಗಳತೆಯಲ್ಲೇ ಎನ್ನಬಹುದಾದ ಮೆಹ್ರೌಲಿಯಲ್ಲಿ ಸುಲ್ತಾನ ಇಲ್ತುತ್ಮಿಷನ ಕಾಲದಲ್ಲಿ ಒಂದು ಮೆಟ್ಟಿಲುಬಾವಿಯನ್ನು ಕಟ್ಟಿದರು. ಅದಕ್ಕೆ ‘ಗಂಧಕ್ ಕೀ ಬಾವಲಿ’ ಎಂದೇ ಹೆಸರು. ನೀರಿಗೆ ಗಂಧಕದ ವಾಸನೆ. ಚರ್ಮರೋಗ ಗುಣವಾಗುವುದೆಂದು ಜನ ಅದರಲ್ಲಿ ಮೀಯುತ್ತಿದ್ದರು. ಅದೇ ಸುಲ್ತಾನನು ಅದೇ ಮೆಹ್ರೌಲಿಯಲ್ಲಿ ಮಳೆಯ ನೀರು ತುಂಬುವ ಹೌಜ್-ಎ-ಶಂಸಿ ಎಂಬ ಕೆರೆಯನ್ನೂ ಕಟ್ಟಿಸಿದನು. ಒಂದು ನೀರು ಮೀಯಲು, ಇನ್ನೊಂದು ಊರಿಗೆ. ನೀರು ನೀರಿಗೆ ಭೇದವುಂಟೆಂದು ಅಂದಿನವರು ಬಲ್ಲವರಾಗಿದ್ದರು. ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದವರು ನಾವು.

ನೀರು ಗಡಸಾಗುವುದು ಹೇಗೆ? ಮಳೆಯ ನೀರು ಮಣ್ಣಿನಲ್ಲಿ ಇಂಗುವಾಗ ಅಲ್ಲಿಯ ಅಂಗಾರಾಮ್ಲ ವಾಯುವನ್ನು ಹೀರಿಕೊಂಡು ಕೊಂಚ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣದ ಕಲ್ಲುಗಳನ್ನು ಮೆಲ್ಲಮೆಲ್ಲನೆ ಕರಗಿಸಿಕೊಂಡು ಕೆಳಗಿಳಿಯುತ್ತದೆ. ಹೀಗೆ ಬೆರೆತ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಬೇಳೆಯ ಸಿಪ್ಪೆ ತಿರುಳುಗಳಲ್ಲಿರುವ ಅಂಟಿನಂಥ ಪದಾರ್ಥವನ್ನು ಕ್ಯಾಲ್ಸಿಯಂ ಬಿಗಿಹಿಡಿಯುತ್ತದೆ, ಕಾಳು ಮೆತ್ತಗಾಗುವುದಿಲ್ಲ. ಸೋಪಿನೊಡನೆ ಕೂಡಿದರೆ ನೊರೆಯ ಬದಲು ಜಿಡ್ಡು. ಹೀಗೆ ನಮ್ಮ ತಾಯಿಯವರ ಬೇಳೆಯ ಪರೀಕ್ಷೆ ಶಾಸ್ತ್ರಸಮ್ಮತವೇ ಆಗಿತ್ತು.

ಒಂದು ಭಾನುವಾರ, ಯಾರು ಹೇಳಿ ಕಳಿಸಿದರೋ, ನೀರು ಶುದ್ಧಿ ಮಾಡುವ ಯಂತ್ರ ಮಾರುವ ಯುವಕನೊಬ್ಬ ಬಂದ. ಟೈ ಕಟ್ಟಿದ್ದ, ನಯವಾದ ಮಾತು. ಎರಡು ಗಾಜಿನ ಲೋಟ ಕೇಳಿದ. ಒಂದರಲ್ಲಿ ನಮ್ಮ ನಲ್ಲಿಯ ನೀರು, ಇನ್ನೊಂದರಲ್ಲಿ ತಾನು ಸೀಸೆಯಲ್ಲಿ ತಂದಿದ್ದ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ತು ಹಾಯಿಸಿದ. ಎರಡು ನಿಮಿಷದೊಳಗೆ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಗಷ್ಟು ಕಟ್ಟಿ, ನೋಡಲಾಗದಂತಾಯಿತು. ಅವನ ನೀರು ಸ್ಫಟಿಕದಂತೆ ನಿಂತಿತ್ತು. “ಈ ವಿಷವನ್ನೇ ನೀವು ಮಗುವಿಗೆ ಕೊಡುತ್ತಿರುವುದು, ಸಾರ್” ಎಂದ. ನಮ್ಮ ಎದೆ ಧಸಕ್ಕೆಂದಿತು. ಕಂತಿನ ಕಾಗದಕ್ಕೆ ಸಹಿ ಹಾಕಲು ಲೇಖನಿಯನ್ನೂ ತೆಗೆದೆವು. ನಾವು ಓದಿದ್ದು ಬಿ.ಎ., ಇತಿಹಾಸ, ರಸಾಯನ ವಿದ್ಯೆ ನಮಗೆ ದೂರ.

ನಮ್ಮಾಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವಳು. ಬಾಗಿಲ ಮರೆಯಲ್ಲಿ ಮಗುವನ್ನು ತಟ್ಟುತ್ತ ನಿಂತಿದ್ದವಳು, “ಏನಂದ್ರೆ, ಒಂದು ನಿಮಿಷ ತಡೀರಿ” ಎಂದು ಒಳಗೆ ಹೋಗಿ ಚಿಟಿಕೆ ಅಡಿಗೆ ಉಪ್ಪು ತಂದು ಆ ಸ್ಫಟಿಕದ ನೀರಿಗೆ ಹಾಕಿದಳು. “ಈಗ ಕಡ್ಡಿ ಇಡಲಿಕ್ಕೆ ಹೇಳಿ.” ಇಟ್ಟ. ಅದೂ ಕಂದಾಯಿತು, ಅದೂ ಗಷ್ಟು ಕಟ್ಟಿತು! ಸಂಗತಿ ಇಷ್ಟೆ: ಕೊಳೆ ನೀರಿನಿಂದ ಬಂದದ್ದಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾದದ್ದು. ಉಪ್ಪಿನ ಅಂಶವಿರುವ ನೀರಿನಲ್ಲಿ ವಿದ್ಯುತ್ತು ಹರಿಯುತ್ತದೆ, ಕಡ್ಡಿ ಕರಗುತ್ತದೆ; ಲವಣವೆಲ್ಲ ತೆಗೆದ ನೀರಿನಲ್ಲಿ ಹರಿಯದು. ಎಂಥ ಒಳ್ಳೆಯ ಬಾವಿಯ ನೀರನ್ನಿಟ್ಟರೂ ಈ ಆಟದಲ್ಲಿ ಸೋಲುತ್ತದೆ. ಯುವಕ ಕಡ್ಡಿಗಳನ್ನು ಒರಸಿ ಚೀಲಕ್ಕೆ ಹಾಕಿಕೊಂಡು ಹೊರಟ. ಅವನ ಬೇಳೆಯೂ ನಮ್ಮ ನೀರಿನಲ್ಲಿ ಬೇಯಲಿಲ್ಲ.

ಯಂತ್ರ ಬರಲಿಲ್ಲ, ಸರಿ. ಆದರೆ ನೀರು ನಿಜವಾಗಿ ಎಂಥದು? ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಅದಕ್ಕೆ ಇನ್ನೊಂದು ಕಾರಣವಿತ್ತು. ನಮ್ಮೂರು ತುಮಕೂರು ಜಿಲ್ಲೆಯ ಪಾವಗಡದ ಕಡೆ. ಅಲ್ಲಿಯ ನೆಲದ ನೀರಿನಲ್ಲಿ ಫ್ಲೋರೈಡು ಹೆಚ್ಚು. ಬಾಲ್ಯದಲ್ಲಿ, ಹಲ್ಲು ಒಳಗೇ ಬೆಳೆಯುವ ಕಾಲದಲ್ಲಿ, ಆ ನೀರು ಕುಡಿದವರಿಗೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ; ವರ್ಷಾನುಗಟ್ಟಲೆ ಕುಡಿದವರ ಮೂಳೆ ಕೀಲುಗಳೂ ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ನಮ್ಮ ಹಲ್ಲಿನ ಮೇಲೂ ಊರಿನ ಆ ವಿಳಾಸ ಬರೆದಿದೆ. ಮದುವೆಯ ಫೋಟೋದಲ್ಲಿ ಕೂಡ ನಾವು ತುಟಿ ಬಿಗಿದೇ ನಕ್ಕಿದ್ದೇವೆ. ಆ ನೀರು ಕುಡಿದಾಗ ಅದು ಸಿಹಿಯಾಗಿಯೇ ಇತ್ತು. ರುಚಿಯಿಂದ ಏನೂ ತಿಳಿದಿರಲಿಲ್ಲ. ಈಗ ಮಗಳ ಹಲ್ಲು ಇನ್ನೂ ಹುಟ್ಟಬೇಕು.

ಮರುದಿನ ಅರ್ಧ ದಿನದ ರಜೆ ಹಾಕಿ ಮಾನ್ಯತೆ ಪಡೆದ ಒಂದು ಪ್ರಯೋಗಶಾಲೆಗೆ ಹೋದೆವು. ಅಲ್ಲಿ ಹೇಳಿಕೊಟ್ಟ ಕ್ರಮ ಹೀಗೆ: ಬಾವಿಯ ನೀರನ್ನೂ ನಗರದ ನಲ್ಲಿಯ ನೀರನ್ನೂ ಬೇರೆಬೇರೆಯಾಗಿ ಹಿಡಿಯಬೇಕು, ತೊಟ್ಟಿಯ ಬೆರಕೆಯನ್ನಲ್ಲ. ನಲ್ಲಿ ಬಿಟ್ಟು ಕೆಲವು ನಿಮಿಷ ನೀರು ಹರಿದುಹೋದ ಮೇಲೆ ತುಂಬಬೇಕು. ಲವಣಗಳ ಪರೀಕ್ಷೆಗೆ ಶುಭ್ರವಾದ ಬಾಟಲಿ ಸಾಕು. ಕ್ರಿಮಿಗಳ ಪರೀಕ್ಷೆಗೆ ಅವರೇ ಕೊಡುವ ಶುದ್ಧೀಕರಿಸಿದ ಬಾಟಲಿಯೇ ಬೇಕು. ಅದರ ಬಾಯಿಗೆ ಕೈ ತಗುಲಿಸದೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಹಾಗೆಯೇ ಮಾಡಿದೆವು. ಆ ತಿಂಗಳ ಸಿನಿಮಾ, ಹೋಟೆಲಿನ ದೋಸೆ ಎರಡನ್ನೂ ಆ ಶುಲ್ಕ ನುಂಗಿತು.

ವಾರದ ಮೇಲೆ ವರದಿ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ‘ಐ.ಎಸ್. 10500’ ಎಂಬ ಮಾನಕವಿದೆ. ಕರಗಿದ ಲವಣಗಳ ಮೊತ್ತ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ಸಹಿಸಬಹುದು. ನಮ್ಮ ಬಾವಿಯದು 1,420. ಗಡಸುತನಕ್ಕೆ ಮಿತಿ 200, ಗತಿಯಿಲ್ಲದಿದ್ದರೆ 600, ನಮ್ಮದು 580. ಫ್ಲೋರೈಡಿಗೆ ಮಿತಿ 1, ಗತಿಯಿಲ್ಲದಿದ್ದರೆ ಒಂದೂವರೆ, ನಮ್ಮದು 1.3. ಅಯ್ಯೋ ಎಂದುಕೊಂಡೆವು. ಆದರೆ ಅಲ್ಲಿಯ ರಸಾಯನ ತಜ್ಞರು ಬೆರಳಿಟ್ಟದ್ದು ಬೇರೊಂದು ಸಾಲಿನ ಮೇಲೆ: ನೈಟ್ರೇಟು 82. ಇದಕ್ಕೆ ಮಿತಿ 45. ‘ಗತಿಯಿಲ್ಲದಿದ್ದರೆ’ ಎಂಬ ರಿಯಾಯಿತಿಯೇ ಇಲ್ಲ.

“ಮನೆಯಲ್ಲಿ ಹಸುಗೂಸು ಇದೆಯೆ? ಬಾಟಲಿಯ ಹಾಲೆ?” ಎಂದು ಕೇಳಿದರು.

ಇತ್ತು. ತಾಯಿಹಾಲು ಸಾಲದೆಂದು ವೈದ್ಯರ ಸಲಹೆಯಂತೆ ಪುಡಿಹಾಲನ್ನೂ ಕಲಸಿ ಕೊಡುತ್ತಿದ್ದೆವು. “ಆದರೆ ನೀರನ್ನು ಚೆನ್ನಾಗಿ ಕುದಿಸಿಯೇ ಕೊಡುತ್ತೇವೆ” ಎಂದೆವು, ಸ್ವಲ್ಪ ಜಂಬದಿಂದಲೇ.

ಆತ ತಲೆಯಾಡಿಸಿದರು. ಕುದಿಸಿದರೆ ಕ್ರಿಮಿ ಸಾಯುತ್ತದೆ. ನೈಟ್ರೇಟು ಸಾಯುವುದಿಲ್ಲ, ಅದಕ್ಕೆ ಜೀವವೇ ಇಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದಷ್ಟೂ ಅದರ ಪ್ರಮಾಣ ಏರುತ್ತದೆ.

ಆರು ತಿಂಗಳೊಳಗಿನ ಕೂಸುಗಳ ಹೊಟ್ಟೆಯಲ್ಲಿ ಆಮ್ಲ ಕಡಮೆ. ಅಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸಬಲ್ಲವು. ಅದು ರಕ್ತಕ್ಕೆ ಸೇರಿದರೆ ರಕ್ತದ ಕೆಂಪು ಕಣಗಳು ಆಮ್ಲಜನಕವನ್ನು ಹೊರಲಾರವು. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ, ಮಿತಿಮೀರಿದರೆ ಪ್ರಾಣಾಪಾಯ. ಅಮೆರಿಕದ ಅಯೋವಾ ಪ್ರಾಂತದ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲಿ ಇದನ್ನು ಮೊದಲು ಬಯಲಿಗಿಟ್ಟರು. ನೀಲಿಗಟ್ಟಿ ಬಂದ ಹಳ್ಳಿಯ ಕೂಸುಗಳಿಗೆ ಹೃದಯದ ದೋಷವಿರಲಿಲ್ಲ. ಮನೆಯ ಬಾವಿಯ ನೀರಿನಲ್ಲಿ ಕಲಸಿದ ಹಾಲೇ ಕಾರಣವಾಗಿತ್ತು. ದೊಡ್ಡವರಿಗೆ ಈ ಭಯ ಅಷ್ಟಿಲ್ಲ. ಎದೆಹಾಲನ್ನೇ ಕುಡಿಯುವ ಕೂಸಿಗೂ ಅಷ್ಟಿಲ್ಲ. ಅಪಾಯವಿರುವುದು ಬಾಟಲಿಯ ಕೂಸಿಗೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೇಳೆಯ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ.

ಮನೆಗೆ ಬಂದು ವಿಷಯ ಹೇಗೆ ಹೇಳುವುದೋ ತಿಳಿಯಲಿಲ್ಲ. “ಸಾರು ಬತ್ತಿದಷ್ಟೂ ಉಪ್ಪಾಗುವುದಿಲ್ಲವೆ? ಹಾಗೆ” ಎಂದು ಮಾತ್ರ ಹೇಳಿದೆವು. ನಮ್ಮಾಕೆ ಮಾತಾಡಲಿಲ್ಲ. ಒಲೆಯ ಮೇಲೆ ಆಗತಾನೆ ಕುದಿದಿಳಿದ ಪಾತ್ರೆಯನ್ನೇ ನೋಡುತ್ತ ನಿಂತಳು. ಬಹಳ ಹೊತ್ತಿನ ಮೇಲೆ, “ಇಪ್ಪತ್ತು ನಿಮಿಷ ಕುದಿಸುತ್ತಿದ್ದೆ, ರೀ. ಹತ್ತು ಸಾಕು ಅಂದರೂ ಇಪ್ಪತ್ತು” ಎಂದಳು. ನಮ್ಮ ತಾಯಿಯವರು ಬಂದು ಅವಳ ಕೈಯಿಂದ ಬಾಟಲಿ ತೆಗೆದುಕೊಂಡರು. “ಅಳಬೇಡ ಕಣಮ್ಮ. ಅಕ್ಕರೆಯಿಂದ ಮಾಡಿದ್ದು. ತಿಳಿಯದೆ ಆದದ್ದಕ್ಕೆ ತಾಯಿಗೆ ದೋಷವಿಲ್ಲ. ಈಗ ತಿಳಿಯಿತಲ್ಲ, ಇನ್ನು ಮೇಲೆ ನೋಡೋಣ.”

ಅಂದೇ ಸಂಜೆ ಮಕ್ಕಳ ವೈದ್ಯರಲ್ಲಿಗೆ ಓಡಿದೆವು. ಅವರು ಮಗುವಿನ ತುಟಿ, ನಾಲಗೆ, ಉಗುರು ಎಲ್ಲ ನೋಡಿ, ಏನೂ ಆಗಿಲ್ಲವೆಂದರು. ಆ ನೀರನ್ನು ಆ ಗಳಿಗೆಯಿಂದಲೇ ನಿಲ್ಲಿಸಿ ಎಂದರು. ಕನ್ನಡ ಸಂಘದಲ್ಲಿ ಪರಿಚಯವಾದ ಮಿತ್ರರೊಬ್ಬರು ವಸಂತ್ ಕುಂಜ್‌ನ ಸಿ ಸೆಕ್ಟರಿನಲ್ಲಿದ್ದಾರೆ. ಅವರ ಮನೆಯ ನಲ್ಲಿಯಲ್ಲಿ ಬಾವಿಯ ಬೆರಕೆಯಿಲ್ಲ. ಆ ರಾತ್ರಿಯಿಂದ ಮೂರು ವಾರ ಕಾಲ ದಿನವೂ ಅವರ ಮನೆಯಿಂದ ಎರಡು ಕ್ಯಾನು ನೀರನ್ನು ಸ್ಕೂಟರಿನ ಮೇಲೆ ತಂದೆವು. ಒಂದು ದಿನವೂ ಅವರ ಮನೆಯಾಕೆ ನಮ್ಮನ್ನು ಬರಿಯ ನೀರಿನೊಡನೆ ಕಳಿಸಲಿಲ್ಲ. ಚಟ್ನಿಪುಡಿಯೋ ಕೋಸಂಬರಿಯೋ ಜೊತೆಗಿರುತ್ತಿತ್ತು. ಪರಊರಿನಲ್ಲಿ ಸಂಘವೆಂದರೆ ವರ್ಷಕ್ಕೊಂದು ನಾಟಕವಷ್ಟೇ ಅಲ್ಲವೆಂದು ಅಂದು ತಿಳಿದುಕೊಂಡೆವು.

ಇನ್ನು ಚೌಧರಿಜಿಯವರ ಬಳಿಗೆ ಹೋಗಬೇಕಿತ್ತು. ಬಾಡಿಗೆದಾರನ ಸ್ಥಿತಿ ವಾಚಕರಿಗೆ ಗೊತ್ತೇ ಇದೆ: ಬಾವಿ ನಮ್ಮದಲ್ಲ, ಕೊಳವೆ ನಮ್ಮದಲ್ಲ, ಹೊಟ್ಟೆ ಮಾತ್ರ ನಮ್ಮದು. ಮೊದಲ ಮಾತಿಗೇ ಅವರು, “ನಮ್ಮ ಮಕ್ಕಳೂ ಇದೇ ನೀರು ಕುಡಿದು ಪೈಲ್ವಾನರಾದರು, ಬಾಬೂಜಿ. ಬೇಡವಾದರೆ ಬೇರೆ ಮನೆ ನೋಡಿಕೊಳ್ಳಿ” ಎಂದರು. ಹುಕ್ಕಾ ಗುಡುಗುಡು ಎನ್ನುತ್ತಿತ್ತು. ನಾವು ವಾದಿಸಲಿಲ್ಲ. ವರದಿಯನ್ನು ಅವರ ಮುಂದೆ ಇಟ್ಟು ಆ ಒಂದು ಸಾಲನ್ನು ಹಿಂದಿಯಲ್ಲಿ ಓದಿ ಹೇಳಿದೆವು. ಕೂಸುಗಳ ವಿಷಯ ಬಂದಾಗ ಹುಕ್ಕಾ ನಿಂತಿತು. ಅವರ ಸೊಸೆಗೆ ಆಗ ಏಳು ತಿಂಗಳು.

ಮರುದಿನ ಬೆಳಿಗ್ಗೆ ಕೊಳಾಯಿ ಕೆಲಸದವನೊಡನೆ ಅವರೇ ನಮ್ಮ ಬಾಗಿಲು ತಟ್ಟಿದರು. ಎಲ್ಲರೂ ಬಾವಿಯ ಬಳಿಗೆ ಹೋಗಿ ನೋಡಿದೆವು. ಕೊಳವೆಯ ಬಾಯಿಯ ಸುತ್ತಲಿನ ಸಿಮೆಂಟು ಒಡೆದಿತ್ತು. ಬಟ್ಟೆ ಒಗೆಯುವ ಕಲ್ಲಿನ ನೀರು ಅತ್ತಲೇ ಹರಿದು ನಿಲ್ಲುತ್ತಿತ್ತು. ಹಳೆಯ ಶೌಚದ ಗುಂಡಿ ಬದಿಯಲ್ಲೇ. ವರದಿಯಲ್ಲಿ ಕೋಲಿಫಾರಂ ಕ್ರಿಮಿಗಳೂ ಇದ್ದವೆಂದು ಬರೆದದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನೈಟ್ರೇಟಿಗೂ ಮೂಲ ಮುಖ್ಯವಾಗಿ ಇಂಥ ಕೊಳೆಯೇ. ಹೊಲದ ಕಡೆಯಾದರೆ ಗೊಬ್ಬರವೂ ಕಾರಣ. ಹೊಸ ಬಾವಿ ತೋಡಿಸುವ ಮಾತಿರಲಿಲ್ಲ. ದಿಲ್ಲಿಯಲ್ಲಿ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯುವಂತಿಲ್ಲ.

ಆಗ ನಮ್ಮ ತಾಯಿಯವರು ಕೇಳಿದ ಪ್ರಶ್ನೆಯೇ ದಾರಿ ತೋರಿತು. “ಬೆಳಿಗ್ಗೆ ಬರುತ್ತದಲ್ಲ, ಆ ನೀರು ಎಲ್ಲಿಯದೋ?” ಉತ್ತರ ಪ್ರದೇಶದ ಮುರಾದ್‌ನಗರದ ಬಳಿ ಗಂಗೆಯ ಮೇಲ್ಕಾಲುವೆಯಿಂದ ಕೊಳವೆಗಳಲ್ಲಿ ಬರುವ ನೀರನ್ನು ಸೋನಿಯಾ ವಿಹಾರದಲ್ಲಿ ಶುದ್ಧಿಗೊಳಿಸಿ, 2006ರಿಂದ ದಕ್ಷಿಣ ದಿಲ್ಲಿಯ ಕಡೆಗೆ ಕೊಡುತ್ತಿದ್ದಾರೆ, ಆ ಸ್ಥಾವರದ ಶಕ್ತಿ ದಿನಕ್ಕೆ 14 ಕೋಟಿ ಗ್ಯಾಲನ್ ಎಂದು ವಿವರಿಸಿದೆವು. ಅವರಿಗೆ ಗ್ಯಾಲನ್ ಬೇಕಿರಲಿಲ್ಲ. “ಗಂಗೆಯೇ? ಗಂಗಮ್ಮ ತಾನಾಗಿ ಬಾಗಿಲಿಗೆ ಬಂದರೆ ಅವಳನ್ನು ಈ ಉಪ್ಪುನೀರಿಗೆ ಸುರಿಯುತ್ತೀರಲ್ಲೋ! ಬೇರೆ ಮಾಡಿರೋ ಎರಡನ್ನೂ!” ಇದನ್ನು ಹಿಂದಿಗೆ ತಿರುಗಿಸಿದಾಗ ಚೌಧರಿಜಿ ಎರಡೂ ಕೈ ಜೋಡಿಸಿದರು. ವರದಿಯಲ್ಲಿಯೂ ನಲ್ಲಿಯ ನೀರಿನ ಲವಣದ ಮೊತ್ತ 230 ಎಂದಿತ್ತು; ನೈಟ್ರೇಟು ಮಿತಿಗಿಂತ ಎಷ್ಟೋ ಕೆಳಗಿತ್ತು.

ಬೇರೆ ಮಾಡಿದೆವು. ನಗರದ ನೀರಿಗೆಂದೇ ಮುಚ್ಚಳವಿರುವ ಐನೂರು ಲೀಟರಿನ ಸಣ್ಣ ತೊಟ್ಟಿ, ಅದರಿಂದ ಎಲ್ಲ ಮಹಡಿಗಳ ಅಡಿಗೆಮನೆಗೆ ಮಾತ್ರ ಒಂದು ಕೊಳವೆ. ಬಚ್ಚಲು, ಬಟ್ಟೆ, ನೆಲ ಒರೆಸುವುದು ಎಲ್ಲ ಬಾವಿಯ ನೀರಿನಲ್ಲಿ. ಖರ್ಚಿನಲ್ಲಿ ಅರ್ಧ ಚೌಧರಿಜಿಯದು. ಉಳಿದರ್ಧವನ್ನು ಬಾಡಿಗೆದಾರರೆಲ್ಲ ಹಂಚಿಕೊಂಡು ಎರಡು ತಿಂಗಳ ಬಾಡಿಗೆಯಲ್ಲಿ ಮುರಿದುಕೊಂಡೆವು. ಬಾವಿಯ ಬಾಯಿಗೆ ಎತ್ತರದ ಕಟ್ಟೆ ಕಟ್ಟಿ, ಒಗೆಯುವ ಕಲ್ಲನ್ನು ದೂರಕ್ಕೆ ಸರಿಸಿ, ಬಾವಿಗೆ ಬ್ಲೀಚಿಂಗ್ ಪುಡಿಯ ಮದ್ದು ಹಾಕಿಸಿದರು. ನಾಲ್ಕು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿದಾಗ ಕ್ರಿಮಿಗಳಿರಲಿಲ್ಲ. ನೈಟ್ರೇಟು ಮಾತ್ರ 82ರಿಂದ 76ಕ್ಕಷ್ಟೇ ಇಳಿದಿತ್ತು. ನೆಲಕ್ಕಿಳಿದದ್ದು ಅಷ್ಟು ಬೇಗ ಮೇಲೆ ಬರುವುದಿಲ್ಲ.

ಈಗ ನಾವು ಕಲಿತದ್ದನ್ನು ಒಪ್ಪಿಸುತ್ತೇವೆ. ನೀರಿನ ರೋಗ ಯಾವುದೆಂದು ತಿಳಿಯದೆ ಮದ್ದು ಕೊಳ್ಳಬಾರದು. ಕುದಿಸುವುದು ಕ್ರಿಮಿಗೆ ಮದ್ದು. ಗಡಸುತನದ ಒಂದು ಪಾಲನ್ನೂ ಇಳಿಸುತ್ತದೆ (ಪಾತ್ರೆಯ ತಳದ ಬಿಳಿ ಪದರ ಅದೇ). ನೇರಳಾತೀತ ದೀಪದ ಯಂತ್ರವೂ ಕ್ರಿಮಿಗೆ ಮಾತ್ರ. ಪಟಿಕ, ಚಿಲ್ಲದ ಬೀಜಗಳು ಬಗ್ಗಡವನ್ನು ತಿಳಿಯಾಗಿಸುತ್ತವೆ. 6ನೆಯ ಶತಮಾನದ ವರಾಹಮಿಹಿರನೂ ತನ್ನ ಬೃಹತ್ಸಂಹಿತೆಯಲ್ಲಿ ಕೆಟ್ಟ ಬಾವಿಯ ನೀರಿಗೆ ಚಿಲ್ಲದ ಬೀಜ ಕೂಡಿದ ಚೂರ್ಣವನ್ನು ಹೇಳಿದ್ದಾನೆ. ಆದರೆ ಕರಗಿಹೋದ ನೈಟ್ರೇಟನ್ನು ಇವಾವುವೂ ತೆಗೆಯಲಾರವು. ಗಡಸು ಇಳಿಸುವ ಯಂತ್ರವೂ ಸುಣ್ಣದ ಬದಲು ಸೋಡಿಯಂ ಕೊಡುತ್ತದೆಯೇ ಹೊರತು ನೈಟ್ರೇಟು, ಫ್ಲೋರೈಡುಗಳನ್ನು ಮುಟ್ಟುವುದಿಲ್ಲ.

ಇವನ್ನೆಲ್ಲ ತೆಗೆಯಬಲ್ಲದ್ದು ಆರ್.ಓ. ಎಂಬ ಯಂತ್ರ. ಅದರ ಜೀವವಾದ ಪೊರೆಯನ್ನು 1959ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಬ್ ಅವರೊಡನೆ ಸಿದ್ಧಪಡಿಸಿದವರು ನಮ್ಮ ದೇಶದವರೇ ಆದ ಶ್ರೀನಿವಾಸ ಸೌರಿರಾಜನ್. ಬಾವಿಯ ನೀರಲ್ಲದೆ ಬೇರೆ ಗತಿಯಿಲ್ಲದವರಿಗೆ ಅದು ವರವೇ ಸರಿ. ಆದರೆ ಸಾಮಾನ್ಯ ಮನೆಯಂತ್ರ ಒಂದು ಲೀಟರು ಕೊಡಲು ಮೂರು ಲೀಟರಿನಷ್ಟನ್ನು ಹೊರಗೆ ಬಿಡುತ್ತದೆ. ಅದನ್ನು ಬಕೀಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸಬೇಕು. ಲವಣದ ಮೊತ್ತ 500ಕ್ಕಿಂತ ಕಡಮೆಯಿರುವ ಕಡೆ ಈ ಯಂತ್ರವೇ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿ ಹೇಳಿತು. ನಮ್ಮ ನಲ್ಲಿಯ ನೀರು 230. ಆದ್ದರಿಂದ ನಮಗೆ ಯಂತ್ರ ಬೇಕಾಗಲಿಲ್ಲ. ಕಾಯಿಸಿ ಆರಿಸಿ ಕುಡಿಯುತ್ತೇವೆ. ನೀರು ಬಾರದ ದಿನಕ್ಕೆಂದು ಎರಡು ಕೊಳಗ ಮುಚ್ಚಿಟ್ಟಿರುತ್ತೇವೆ.

ಗಡಸು ನೀರಿಗೆ ಹೆದರಬೇಕಾಗಿಲ್ಲ. ಗಡಸುತನವೊಂದರಿಂದಲೇ ರೋಗ ಬರುವುದೆಂದು ಹೇಳುವಂತಿಲ್ಲ. ಬಟ್ಟೆಗೆ ಸ್ವಲ್ಪ ವಾಷಿಂಗ್ ಸೋಡ, ತಲೆಗೆ ಸೀಗೆಕಾಯಿ, ಅಂಟುವಾಳ, ಪಾತ್ರೆಯ ಬಿಳಿ ಕಟ್ಟಿಗೆ ಹಿಂಡಿದ ನಿಂಬೆಯ ಹೋಳು ಇಷ್ಟು ಸಾಕು. ಐನೂರು ರೂಪಾಯಿಯೊಳಗೇ ಸಿಗುವ ಲೇಖನಿಯಂಥ ಟಿ.ಡಿ.ಎಸ್. ಮಾಪಕ ಲವಣದ ಮೊತ್ತವನ್ನು ಅಂದಾಜು ಹೇಳುತ್ತದೆ. ಅದರೊಳಗೆ ಏನಿದೆ ಎಂದು ಹೇಳದು. ಸಂತೆಯ ಗದ್ದಲ ಕೇಳಿದ ಮಾತ್ರಕ್ಕೆ ಅಲ್ಲಿ ಕಳ್ಳನಿದ್ದಾನೆಯೆ ಎಂದು ತಿಳಿದೀತೆ? ಎಳೆಗೂಸಿರುವ ಮನೆಯವರು ಬಾವಿಯ ನೀರಿಗೆ ಪ್ರಯೋಗಶಾಲೆಯ ಪರೀಕ್ಷೆಯನ್ನೇ ಮಾಡಿಸಬೇಕು. ನೈಟ್ರೇಟಿನ ಹೆಸರು ಹೇಳಿ ಮಾಡಿಸಬೇಕು.

ದ್ವಾರಕೆಯಲ್ಲೋ ಗುರುಗ್ರಾಮದಲ್ಲೋ ಫರೀದಾಬಾದಿನಲ್ಲೋ ಹೊಸ ಮನೆ ನೋಡಲು ಹೋಗುವ ಬಂಧುಗಳು ಮುಂಗಡ ಕೊಡುವ ಮೊದಲು ನಲ್ಲಿಯ ಬಾಯಿಯನ್ನೂ ಬಕೀಟಿನ ಅಂಚನ್ನೂ ನೋಡಿ. ಕೆಳಗಿನ ಮನೆಯಾಕೆಯನ್ನು ಕೇಳಿ. ನೀರು ಎಲ್ಲಿಯದು, ಎರಡು ನೀರಾದರೆ ತೊಟ್ಟಿ ಒಂದೋ ಎರಡೋ ಎಂದು ಕೇಳಿ. ಕೇಳಲು ಸಂಕೋಚವೇಕೆ?

ಚೌಧರಿಜಿಯವರ ಮೊಮ್ಮಗಳಿಗೆ ಈಗ ಆರು ತಿಂಗಳು ತುಂಬಿತು. ನಮ್ಮ ಮಗಳಿಗೆ ನಾಲ್ಕು ಹಲ್ಲು ಬಂದಿವೆ, ಮಲ್ಲಿಗೆಯ ಮೊಗ್ಗಿನಂತೆ. ತಾಯಿಯವರು ಊರಿಗೆ ಹೊರಡುವ ಹಿಂದಿನ ದಿನ ತಾವೇ ಒಲೆಯ ಮುಂದೆ ನಿಂತು ಗಂಗಾಜಲದಲ್ಲಿ ತೊಗರಿಬೇಳೆ ಬೇಯಿಸಿದರು. ಕುಕ್ಕರು ಮೂರು ಸಲ ಕೂಗಿತು. ಮುಚ್ಚಳ ತೆಗೆದು ಸೌಟಿನಿಂದ ಒಮ್ಮೆ ಕದಡಿ, “ನೋಡೋ, ಬೆಣ್ಣೆಯ ಹಾಗೆ ಬೆಂದಿದೆ” ಎಂದರು. ಆ ಸಾರಿನ ಒಂದು ಪಾತ್ರೆ ಕೆಳಗೆ ಚೌಧರಿಜಿಯವರ ಮನೆಗೂ ಹೋಯಿತು. ಅವರಿಗೆ ಅದು ನಿಜವಾದ ಅರ್ಥದಲ್ಲಿ ಖಾರವಾಯಿತಂತೆ. ಆದರೂ ಪಾತ್ರೆ ಬರಿದಾಗಿಯೇ ಹಿಂದಿರುಗಿತು.